ಬ್ರಾಡ್ಸ್ ದಂಡೆಯಲ್ಲಿ ರಾತ್ರಿ ಊಟ ಹುಡುಕುತ್ತಾ

ಇಂಗ್ಲೆಂಡಿನ ನದಿ, ಕೆರೆಗಳ ಸೀಮೆ ನಾರ್ಫೋಕ್ ಬ್ರಾಡ್ಸ್‌ನಲ್ಲಿ ಬಾಡಿಗೆ ದೋಣಿ ತಗೊಂಡವರಿಗೆ ಒಂದು ನಿಯಮ ಇದೆ. ಕತ್ತಲಾದ ಮೇಲೆ ದೋಣಿ ಓಡಿಸುವಂತಿಲ್ಲ. ಸೂರ್ಯ ಮುಳುಗುವಷ್ಟರಲ್ಲಿ ಎಲ್ಲಾದರೂ ದಂಡೆಗೆ ಕಟ್ಟಿರಬೇಕು. ಸುರಕ್ಷತೆಗೆ ಮಾಡಿದ್ದು, ಒಳ್ಳೆಯದೇ. ಆದರೆ ಸಂಜೆ ಯಾವ ದಂಡೆಯಲ್ಲಿ ಕಟ್ಟಿದಿರೋ ರಾತ್ರಿ ಊಟವೂ ಅಲ್ಲೇ. ಅಲ್ಲಿ ಒಂದೇ ಪಬ್ ಇದ್ದರೆ ನೀವು ಅದರ ಗಿರಾಕಿ, ಇಷ್ಟ ಇದ್ದರೂ ಇಲ್ಲದಿದ್ದರೂ. ಇದು ಪಬ್‌ನವರಿಗೂ ಚೆನ್ನಾಗಿ ಗೊತ್ತು.

ನಮ್ಮೂರ ಕಡೆ ರಾತ್ರಿ ಬಸ್ಸಿನಲ್ಲಿ ಓಡಾಡಿದವರಿಗೆ ಈ ವ್ಯವಹಾರ ಹೊಸದಲ್ಲ. ಹತ್ತೂವರೆಗೆ ಹೈವೇ ಬದಿಯ ಒಂದು ಹೋಟೆಲ್ ಮುಂದೆ ಬಸ್ ನಿಲ್ಲುತ್ತದೆ. ಆಚೆ ಈಚೆ ಬೇರೆ ಏನೂ ಇರಲ್ಲ. ತಣ್ಣಗಿನ ಚಪಾತಿ, ನೀರು ಸಾಗು, ಊರಿನ ಎರಡು ಪಟ್ಟು ಬೆಲೆ. ಬೈದುಕೊಂಡೇ ತಿಂದು ಹತ್ತುತ್ತೇವೆ. ನಾವು ಬೈದರೆ ಅವರಿಗೇನು? ನಾಳೆ ಇನ್ನೊಂದು ಬಸ್ ಬರುತ್ತೆ.

ಸೆಪ್ಟೆಂಬರ್ ಕೊನೆಯಲ್ಲಿ ಅಕ್ಕ, ಭಾವ ಮೈಸೂರಿಂದ ಬಂದಿದ್ದರು. ಭಾವ ಬ್ಯಾಂಕಿನಿಂದ ನಿವೃತ್ತರು. ಅಲೆಪ್ಪಿಯಲ್ಲಿ ಹೌಸ್‌ಬೋಟ್ ನೋಡಿಕೊಂಡು ಬಂದ ಮೇಲೆ ಅವರಿಗೆ ನೀರಿನ ಮೇಲೆ ಮಲಗುವ ಹುಚ್ಚು ಹಿಡಿದಿದೆ. "ಇಲ್ಲೂ ಅಂಥದ್ದು ಸಿಗುತ್ತೇನೋ?" ಅಂತ ಬಂದ ಮಾರನೇ ದಿನವೇ ಕೇಳಿದರು. ಸಿಗುತ್ತೆ ಅಂದೆ. ಅಲೆಪ್ಪಿಯಲ್ಲಿ ದೋಣಿ ಜೊತೆ ಓಡಿಸುವವರೂ ಅಡುಗೆಯವರೂ ಬರುತ್ತಾರೆ. ಇಲ್ಲಿ ಕೀ ಕೈಗಿಟ್ಟು ಹೋಗಿ ಬನ್ನಿ ಅನ್ನುತ್ತಾರೆ, ಅಷ್ಟೇ. ಲೈಸೆನ್ಸ್ ಕೂಡ ಕೇಳಲ್ಲ.

ಬ್ರಾಡ್ಸ್ ಇರುವುದು ಲಂಡನ್ನಿನ ಈಶಾನ್ಯಕ್ಕೆ, ಪೂರ್ವ ಕರಾವಳಿಯ ಹತ್ತಿರ. ಬ್ಯೂರ್, ಆಂಟ್, ಥರ್ನ್, ಯಾರ್, ವೇವ್ನಿ ನದಿಗಳು, ಅವುಗಳ ಪಕ್ಕದಲ್ಲೇ ಅಗಲವಾದ ಕೆರೆಗಳು. ಎಲ್ಲ ಸೇರಿ ಸುಮಾರು 200 ಕಿಲೋಮೀಟರ್ ದೋಣಿ ಹಾದಿ, ನಡುವೆ ಎಲ್ಲೂ ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸುವ ಲಾಕ್ ಗೇಟಿನ ಕಾಟವಿಲ್ಲ. ಕೆರೆಗಳು ನೋಡಲು ದೇವರು ಮಾಡಿದ್ದು ಅನ್ನಿಸುತ್ತವೆ. ಆದರೆ ಮಧ್ಯಯುಗದಲ್ಲಿ ಜನ ಉರುವಲಿಗಾಗಿ ಪೀಟ್, ಅಂದರೆ ಜೌಗಿನಲ್ಲಿ ಕೊಳೆತ ಗಿಡಗಳ ಮಣ್ಣು, ಅಗೆದು ಅಗೆದು ಬಿಟ್ಟ ಗುಂಡಿಗಳವು. ಆಮೇಲೆ ನೀರು ಏರಿ ತುಂಬಿಕೊಂಡಿತು. ಇದನ್ನು 1950ರ ದಶಕದಲ್ಲಿ ಜಾಯ್ಸ್ ಲ್ಯಾಂಬರ್ಟ್ ಎಂಬ ಸಸ್ಯವಿಜ್ಞಾನಿ ಮಣ್ಣಿನ ಪದರ ಕೊರೆದು ತೋರಿಸುವವರೆಗೂ ಬಹಳ ಜನ ನಂಬಿರಲಿಲ್ಲ.

ಊಟ ಮಾಡಿದ ಪಬ್‌ಗಳ ಹೆಸರು ಇಲ್ಲಿ ಹೇಳುವುದಿಲ್ಲ. ರಾತ್ರಿ ಉಳಿದ ಊರುಗಳ ಹೆಸರೂ, ಒಂದು ಬಿಟ್ಟರೆ, ಇಲ್ಲ. ಎಷ್ಟೋ ಕಡೆ ಊರಿಗೊಂದೇ ಪಬ್. ಊರು ಹೇಳಿದರೆ ಪಬ್ ಹೇಳಿದ ಹಾಗೇ.

ಶನಿವಾರ

ದೋಣಿ ಹತ್ತಿದ್ದು ರಾಕ್ಸಮ್‌ನಲ್ಲಿ. ಬೋಟ್‌ಯಾರ್ಡ್ ಹುಡುಗ ಅರ್ಧ ಗಂಟೆ ಪಾಠ ಮಾಡಿದ. ಗೇರ್ ಹೇಗೆ, ಹಿಂದಕ್ಕೆ ತೆಗೆದುಕೊಂಡು ದಂಡೆಗೆ ಬೆನ್ನು ಕೊಟ್ಟು ಕಟ್ಟುವುದು ಹೇಗೆ, ಕೆಸರಿಗೆ ಇಳಿಬಿಡುವ ಭಾರದ ಗುಂಡು ಎಲ್ಲಿದೆ, ಟಾಯ್ಲೆಟ್‌ಗೆ ಏನೇನು ಹಾಕಬಾರದು. ರಾತ್ರಿ ಎಂಟರ ಮೇಲೆ ಎಂಜಿನ್ ಓಡಿಸಬೇಡಿ, ಪಕ್ಕದ ದೋಣಿಯವರು ಮಲಗಿರುತ್ತಾರೆ ಅಂದ. ಕೊನೆಗೆ ಒಂದು ಬಣ್ಣದ ನಕ್ಷೆ ಕೊಟ್ಟ. ಅದರಲ್ಲಿ ನದಿಗಿಂತ ಪಬ್‌ಗಳ ಜಾಹೀರಾತೇ ಜಾಸ್ತಿ. ಎಲ್ಲದರಲ್ಲೂ ಒಂದೇ ಮಾತು: ಮನೆಯಲ್ಲಿ ಮಾಡಿದಂಥ ಊಟ, ನದಿ ನೋಟ, ದೋಣಿಯವರಿಗೆ ಸ್ವಾಗತ.

ನಾಲ್ಕಕ್ಕೆ ಹೊರಟೆವು. ವೇಗದ ಮಿತಿ ಜಾಗಕ್ಕೆ ತಕ್ಕ ಹಾಗೆ ಗಂಟೆಗೆ 3ರಿಂದ 6 ಮೈಲಿ. ಬೆಳಗ್ಗೆ ವಾಕಿಂಗ್ ಹೋಗುವವರೇ ನಮ್ಮನ್ನು ದಾಟಬಹುದು. ಎರಡೂ ಕಡೆ ಆಲ್ಡರ್ ಮರಗಳು, ಜೊಂಡಿನ ಮಾಡಿನ ಮನೆಗಳು, ಪ್ರತಿ ಮನೆ ಮುಂದೆ ಹುಲ್ಲು, ಹುಲ್ಲಿನ ಅಂಚಿಗೆ 'ಖಾಸಗಿ, ಕಟ್ಟಬೇಡಿ' ಬೋರ್ಡು. ಭಾವ ಸ್ಟೀರಿಂಗ್ ಹಿಡಿದವರು ಬಿಡಲೇ ಇಲ್ಲ.

ಆರರ ಸುಮಾರಿಗೆ ಬ್ಯೂರ್ ದಂಡೆಯ ಒಂದು ಪಬ್ ಮುಂದೆ ಒಂದೇ ಒಂದು ಜಾಗ ಖಾಲಿ ಕಂಡಿತು. ತೂರಿಸಿದೆವು. ಹಗ್ಗ ಹಿಡಿಯಲು ಯಾರೂ ಬರಲಿಲ್ಲ. ಹಗ್ಗ ಕಟ್ಟಿ ಮುಗಿಸಿದ ಕೂಡಲೇ ಚೀಟಿ ಪುಸ್ತಕ ಹಿಡಿದು ಒಬ್ಬ ಬಂದ. ರಾತ್ರಿಗೆ ಹತ್ತು ಪೌಂಡ್. ಊಟ ಮಾಡಿದರೆ ಬಿಲ್ಲಿನಲ್ಲಿ ಕಳೆಯುತ್ತೇವೆ ಅಂದ.

ಒಳಗೆ ಹೋದರೆ ಟೇಬಲ್ ಇಲ್ಲ. ಬುಕ್ ಮಾಡಿದ್ದೀರಾ ಅಂದರು. ಊಟ ಮಾಡಿದರೆ ಕಳೆಯುತ್ತೇವೆ ಅಂತ ಈಗ ತಾನೇ ದುಡ್ಡು ತಗೊಂಡರಲ್ಲ ಅಂದೆ. ಅದು ಮೂರಿಂಗ್, ಅಂದರೆ ದೋಣಿ ಕಟ್ಟುವ ಜಾಗದ ದುಡ್ಡು, ಇದು ರೆಸ್ಟೋರೆಂಟ್, ಬೇರೆ ಬೇರೆ ಅಂದರು. ಎಂಟು ಕಾಲಿಗೆ ಟೇಬಲ್ ಸಿಕ್ಕಿತು. ಅಡುಗೆಮನೆ ಮುಚ್ಚುವುದು ಎಂಟೂವರೆಗೆ.

ಮೆನು ಪ್ಲಾಸ್ಟಿಕ್ ಹಾಳೆ, ಉದ್ದ. ಸಣ್ಣ ಅಡುಗೆಮನೆ, ಉದ್ದ ಮೆನು, ಇವೆರಡೂ ಒಟ್ಟಿಗೆ ಕಂಡರೆ ಫ್ರೀಜರ್ ದೊಡ್ಡದಿದೆ ಅಂತ ಅರ್ಥ. ಸಸ್ಯಾಹಾರಿಗಳಿಗೆ ವೆಜ್ ಬರ್ಗರ್, ಲಸಾನ್ಯ ಮತ್ತು ಒಂದು ಕರಿ. ಭಾವ ಮೊದಲು ಕೇಳಿದ್ದು ಚಿಪ್ಸ್ ಬಗ್ಗೆ. ಇಲ್ಲಿ ಚಿಪ್ಸ್ ಅಂದರೆ ನಮ್ಮ ಫ್ರೆಂಚ್ ಫ್ರೈಸ್. ಮೀನು ಕರಿದ ಎಣ್ಣೆಯಲ್ಲೇ ಕರಿಯುತ್ತೀರಾ? ಪಾಪ, ಆ ಹುಡುಗಿ ಒಳಗೆ ಹೋಗಿ ಕೇಳಿಕೊಂಡು ಬಂದು ನಿಜ ಹೇಳಿದಳು. ಒಂದೇ ಎಣ್ಣೆ. ಇಂಗ್ಲೆಂಡಿನಲ್ಲಿ ಓಡಾಡುವ ನಮ್ಮ ಸಸ್ಯಾಹಾರಿಗಳು ಇದನ್ನು ಕೇಳಿಯೇ ಆರ್ಡರ್ ಮಾಡಬೇಕು. ಮೆನುವಿನಲ್ಲಿ ಹಸಿರು ಎಲೆ ಗುರುತು ಇರುತ್ತದೆ. ಆದರೆ ಆ ಎಲೆ ಬಾಣಲೆಯ ವಿಷಯ ಹೇಳುವುದಿಲ್ಲ.

ಲಸಾನ್ಯದ ಅಂಚು ನಾಲಿಗೆ ಸುಡುವಷ್ಟು ಬಿಸಿ, ನಡುವೆ ತಣ್ಣಗೆ. ಮೈಕ್ರೋವೇವ್ ಸಹಿ ಹಾಕಿ ಕಳಿಸಿದಂತಿತ್ತು. ಬೆಲೆ ಹದಿನೇಳೂವರೆ ಪೌಂಡ್. ಅಕ್ಕ ರೂಪಾಯಿಗೆ ಲೆಕ್ಕ ಹಾಕತೊಡಗಿದಳು. ಬೇಡ ಕಣೇ ಅಂದರು ಭಾವ.

ಬಿಯರ್ ಮಾತ್ರ ಚೆನ್ನಾಗಿತ್ತು, ಅದನ್ನೂ ಹೇಳಬೇಕು. ವುಡ್‌ಫೋರ್ಡ್ಸ್‌ನವರ ವೆರಿ. ಇಲ್ಲಿನ ಹಳೆಯ ಸರಕು ದೋಣಿಗೆ ವೆರಿ ಅನ್ನುತ್ತಾರೆ. ಒಂದೇ ದೊಡ್ಡ ಕಪ್ಪು ಹಾಯಿ ಕಟ್ಟಿಕೊಂಡು ಈ ನದಿಗಳಲ್ಲಿ ಧಾನ್ಯ, ಕಲ್ಲಿದ್ದಲು ಸಾಗಿಸುತ್ತಿದ್ದವು. ಬಿಯರ್ ತಯಾರಾಗುವುದು ವುಡ್‌ಬಾಸ್ಟ್‌ವಿಕ್‌ನಲ್ಲಿ, ನಾವು ಕೂತಲ್ಲಿಂದ ಕೆಲವೇ ಮೈಲಿ.

ಬಿಲ್ ಬಂದಾಗ ಹತ್ತು ಪೌಂಡ್ ಕಳೆದಿರಲಿಲ್ಲ. ಕೇಳಿದ ಮೇಲೆ ಕಳೆದರು. ಕೇಳದೆ ಹೋದವರು ಎಷ್ಟು ಜನವೋ.

ಭಾನುವಾರ

ಬೆಳಗ್ಗೆ ರ‍್ಯಾನ್‌ವರ್ತ್‌ಗೆ ಹೋದೆವು. ನದಿಯಿಂದ ಒಂದು ಕಾಲುವೆಯಲ್ಲಿ ಒಳಗೆ ಹೋದರೆ ಕೆರೆ, ದಂಡೆಯಿಂದ ಸ್ವಲ್ಪ ಏರು ಹತ್ತಿದರೆ ಸೇಂಟ್ ಹೆಲೆನ್ ಚರ್ಚು. ಅದರ ಗೋಪುರಕ್ಕೆ 89 ಮೆಟ್ಟಿಲು. ಅದಾದ ಮೇಲೆ ಏಣಿ, ಕೊನೆಗೆ ತಲೆಯಿಂದ ತಳ್ಳಿ ತೆರೆಯುವ ಬಾಗಿಲು. ಅಕ್ಕ ಕೆಳಗೇ ಕೂತಳು. ಭಾವ ಮಂಡಿ ನೋವು ಅನ್ನುತ್ತಲೇ ಹತ್ತಿದರು. ಮೇಲಿಂದ ನೋಡಿದರೆ ಇಡೀ ಬ್ರಾಡ್ಸ್ ಚಪ್ಪಟೆಯಾಗಿ ಬಿದ್ದಿದೆ. ನೀರು ಕಾಣದ ಕಡೆ ಗದ್ದೆ ನಡುವೆ ಬಿಳಿ ಹಾಯಿಗಳು ಓಡಾಡುತ್ತವೆ. ನದಿ ಅಲ್ಲಿದೆ ಅಂತ ಹಾಯಿ ನೋಡಿಯೇ ತಿಳಿಯಬೇಕು. ಕೆಳಗೆ ಚರ್ಚಿನೊಳಗೆ 15ನೇ ಶತಮಾನದ ಚಿತ್ರ ಬರೆದ ಮರದ ಪರದೆ ಇದೆ. ಬಣ್ಣ ಇನ್ನೂ ಉಳಿದಿದೆ.

ಮಧ್ಯಾಹ್ನ ಇನ್ನೊಂದು ಊರಿನ ಪಬ್‌ಗೆ ಎರಡೂವರೆಗೆ ತಲುಪಿದೆವು. ಭಾನುವಾರ ಅಂದರೆ ಇಂಗ್ಲಿಷರಿಗೆ ರೋಸ್ಟ್. ದನ, ಕುರಿ, ಹಂದಿ ಅಥವಾ ಕೋಳಿ ಸುಟ್ಟದ್ದು, ಜೊತೆಗೆ ಆಲೂಗಡ್ಡೆ, ಯಾರ್ಕ್‌ಶೈರ್ ಪುಡಿಂಗ್, ಮೇಲೆ ಗ್ರೇವಿ. ಸಸ್ಯಾಹಾರಿಗಳಿಗೆ ಬೀಜಗಳನ್ನು ಅರೆದು ಬೇಯಿಸಿದ ನಟ್ ರೋಸ್ಟ್. ಅದು ನಿಜಕ್ಕೂ ರುಚಿಯಾದ ತಿಂಡಿ, ಚೆನ್ನಾಗಿ ಮಾಡಿದರೆ. ಇಲ್ಲಿ ಚೆನ್ನಾಗಿ ಮಾಡುತ್ತಾರೋ ಇಲ್ಲವೋ ತಿಳಿಯಲಿಲ್ಲ. ಎಲ್ಲ ಮುಗಿದಿತ್ತು.

ರೋಸ್ಟ್ ಲೆಕ್ಕ ಹೀಗೆ. ಬುಕಿಂಗ್ ಎಷ್ಟಿದೆಯೋ ಅಷ್ಟಕ್ಕೆ ಬೆಳಗ್ಗೆಯೇ ಒಲೆಗಿಡುತ್ತಾರೆ. ಹನ್ನೆರಡಕ್ಕೆ ಶುರು. ಖಾಲಿಯಾದ ಮೇಲೆ ಶೆಫ್ ಕೈ ತೊಳೆದು ಮನೆಗೆ ಹೋಗುತ್ತಾನೆ. ಬಹಳ ಕಡೆ ಭಾನುವಾರ ರಾತ್ರಿ ಅಡುಗೆಮನೆಯೇ ಇಲ್ಲ. ರಸ್ತೆಯಲ್ಲಿ ಬಂದವರು ಕಾರು ತಿರುಗಿಸಿ ಬೇರೆ ಕಡೆ ಹೋಗುತ್ತಾರೆ. ದೋಣಿಯವರು ಗಂಟೆಗೆ ನಾಲ್ಕು ಮೈಲಿಯಲ್ಲಿ ಎಲ್ಲಿಗೆ ಹೋಗೋದು?

ಬಾರಿನಲ್ಲಿ ಚಿಪ್ಸ್ ಪ್ಯಾಕೆಟ್, ಉಪ್ಪು ಕಡಲೆಬೀಜ ಇತ್ತು. ತಗೊಂಡು ದೋಣಿಗೆ ಬಂದೆವು. ಅಕ್ಕ ಅನ್ನಕ್ಕಿಟ್ಟು ತಿಳಿಸಾರು ಮಾಡಿದಳು. ಒಣಮೆಣಸಿನಕಾಯಿ ಒಗ್ಗರಣೆ ಚುಯ್ ಅಂದಿದ್ದೇ ತಡ, ಹೊಗೆ ಅಲಾರಂ ಕೂಗಿಕೊಂಡಿತು. ನನ್ನ ಹೆಂಡತಿ ಟವೆಲ್ ಬೀಸಿ ಅದನ್ನು ಸಮಾಧಾನ ಮಾಡಿದಳು. ಅಲ್ಲಿಂದ ಮುಂದೆ ಕಿಟಕಿ ಎಲ್ಲ ತೆಗೆದಿಟ್ಟೇ ಒಗ್ಗರಣೆ.

ಸೋಮವಾರ

ಸೇಂಟ್ ಬೆನೆಟ್ಸ್ ಮಠದ ಪಾಳು ಗೋಡೆಗಳು ನದಿ ದಂಡೆಯಲ್ಲೇ ಇವೆ. ಹೆಬ್ಬಾಗಿಲು ಉಳಿದಿದೆ. ಅದರ ಹೊಟ್ಟೆಯೊಳಗೇ 18ನೇ ಶತಮಾನದಲ್ಲಿ ಯಾರೋ ಗಾಳಿ ಗಿರಣಿ ಕಟ್ಟಿದ್ದಾರೆ. ಎಂಟನೇ ಹೆನ್ರಿ ದೇಶದ ಮಠಗಳನ್ನೆಲ್ಲ ಮುಚ್ಚಿಸಿದಾಗ ಇದೊಂದನ್ನು ಅಧಿಕೃತವಾಗಿ ಮುಚ್ಚಲಿಲ್ಲ. ನಾರ್ವಿಚ್‌ನ ಬಿಷಪ್ಪರೇ ಇವತ್ತಿಗೂ ಇದರ ಮಠಾಧಿಪತಿ. ಪ್ರತಿ ಆಗಸ್ಟ್‌ನ ಮೊದಲ ಭಾನುವಾರ ಅವರು ವೆರಿ ದೋಣಿಯಲ್ಲಿ ಬಂದು ಪೂಜೆ ಮಾಡಿಸಿ ಹೋಗುತ್ತಾರೆ. ಭಾವನಿಗೆ ಈ ಕಥೆ ಬಹಳ ಹಿಡಿಸಿತು. "ಮಠ ಇಲ್ಲ, ಸ್ವಾಮಿಗಳು ಇದ್ದಾರೆ" ಅಂತ ಇಡೀ ದಿನ ಹೇಳಿಕೊಂಡು ಓಡಾಡಿದರು.

ಸಂಜೆ ಕಟ್ಟಿದ ಪಬ್‌ನ ಬಾಗಿಲಲ್ಲಿ ಚೀಟಿ ಇತ್ತು: ಸೋಮವಾರ, ಮಂಗಳವಾರ ರಜೆ. ಫೋನಿನಲ್ಲಿ ನೋಡಿದರೆ 'ತೆರೆದಿದೆ' ಅಂತಲೇ ತೋರಿಸುತ್ತಿತ್ತು. ಕೋವಿಡ್ ಆದ ಮೇಲೆ ವಾರದ ಮೊದಲ ಎರಡು ದಿನ ಮುಚ್ಚುವ ಪಬ್‌ಗಳು ಇಲ್ಲಿ ಸಾಮಾನ್ಯ. ಕೆಲಸದವರು ಸಿಗಲ್ಲ, ಕರೆಂಟ್ ಬಿಲ್ ಜಾಸ್ತಿ. ಆದರೆ ಬಾಡಿಗೆ ದೋಣಿಗಳಿಗೆ ಸೋಮವಾರ, ಮಂಗಳವಾರ ರಜೆ ಇಲ್ಲವಲ್ಲ.

ಪಬ್ ಮುಚ್ಚಿದ್ದರೂ ಮೂರಿಂಗ್ ದುಡ್ಡಿನ ಡಬ್ಬ ಗೋಡೆಯಲ್ಲಿ ತೆರೆದೇ ಇತ್ತು. ಹಾಕಿದೆವು. ಚಪಾತಿ, ಚಟ್ನಿಪುಡಿ, ಮೊಸರು.

ಮಂಗಳವಾರ

ಉತ್ತರದ ನದಿಗಳಿಂದ ದಕ್ಷಿಣದ ನದಿಗಳಿಗೆ ಹೋಗಬೇಕೆಂದರೆ ಗ್ರೇಟ್ ಯಾರ್ಮೌತ್ ದಾಟಬೇಕು. ಸಮುದ್ರ ಪಕ್ಕದಲ್ಲೇ ಇರುವುದರಿಂದ ನೀರಿನ ಸೆಳೆತ ಜೋರು. ಸಮುದ್ರದಲ್ಲಿ ಇಳಿತ ಮುಗಿದು ಸುಮಾರು ಒಂದು ಗಂಟೆ ಆದ ಮೇಲೆ ಇಲ್ಲಿ ನದಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತದೆ. ಆ ಹೊತ್ತಿಗೆ ಸರಿಯಾಗಿ ಅಲ್ಲಿರಬೇಕು. ಸೇತುವೆಗಳ ಕೆಳಗೆ ಜಾಗವೂ ಆಗಲೇ ಜಾಸ್ತಿ ಇರುತ್ತದೆ. ಸೇತುವೆ ಹತ್ತಿರ ಈಗ ಎಷ್ಟು ಎತ್ತರ ಉಳಿದಿದೆ ಅಂತ ಅಳತೆ ಪಟ್ಟಿ ಇದೆ. ಅದನ್ನು ಓದುವ ಕೆಲಸ ಭಾವನದ್ದು. ಬ್ಯಾಂಕಿನವರು, ಅಂಕಿ ತಪ್ಪಲ್ಲ.

ಆಮೇಲೆ ಬ್ರೈಡನ್ ವಾಟರ್. ಸುಮಾರು 5 ಕಿಲೋಮೀಟರ್ ಉದ್ದದ ತೆರೆದ ನೀರು. ಕೆಂಪು, ಹಸಿರು ಕಂಬಗಳ ನಡುವೆಯೇ ಹೋಗಬೇಕು. ಆಚೆ ಹೋದರೆ ಕೆಸರು. ಇಳಿತದ ಹೊತ್ತಾದ್ದರಿಂದ ಎರಡೂ ಕಡೆ ಕೆಸರು ಬಯಲು ಬಿದ್ದಿತ್ತು, ಅದರ ಮೇಲೆ ಸಾವಿರಾರು ಹಕ್ಕಿ. ಗಾಳಿಗೆ ದೋಣಿ ಅಲ್ಲಾಡತೊಡಗಿದಾಗ ಅಕ್ಕ ರಾಘವೇಂದ್ರಸ್ವಾಮಿಯನ್ನು ನೆನೆದಳು. ನಾನೂ ಭಾವನೂ ಮಾತಾಡಲಿಲ್ಲ.

ಆ ನೀರಿನ ಕೊನೆಗೆ ಬರ್ನಿ ಆರ್ಮ್ಸ್. ಎತ್ತರದ ಕಪ್ಪು ಗಾಳಿ ಗಿರಣಿಯೊಂದು ನಿಂತಿದೆ. ಇಲ್ಲಿಗೆ ಡಾಂಬರು ರಸ್ತೆಯೇ ಇಲ್ಲ. ನಡೆದು ಬನ್ನಿ, ದೋಣಿಯಲ್ಲಿ ಬನ್ನಿ, ಇಲ್ಲವೇ ಹೊಲದ ನಡುವಿನ ಪುಟ್ಟ ಸ್ಟೇಷನ್ನಿನಲ್ಲಿ ರೈಲಿಂದ ಇಳಿದು ಬನ್ನಿ. ಒಂದು ಪಬ್ ಇತ್ತು, ಕೆಲವು ವರ್ಷಗಳ ಹಿಂದೆ ಮುಚ್ಚಿತು. ಬರೀ ದೋಣಿಯವರನ್ನೂ ನಡೆಯುವವರನ್ನೂ ನಂಬಿಕೊಂಡರೆ ಹೊಟ್ಟೆ ತುಂಬಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಪಬ್‌ಗಳನ್ನು ಬೈಯುವಾಗ ಇದೂ ನೆನಪಿರಬೇಕು ಅಲ್ವಾ?

ಆದರೂ ಆ ರಾತ್ರಿಯ ಪಬ್ ಬಗ್ಗೆ ಬೈಯದೆ ಇರಲಾಗುವುದಿಲ್ಲ. ಯಾರ್ ದಂಡೆಯದು. ಹೊಸದಾಗಿ ಬಣ್ಣ ಬಳಿದು, ಹಳೆಯ ಕುರ್ಚಿ ಎಸೆದು, ಗೋಡೆಗೆ ಹುಟ್ಟು, ಹಗ್ಗ, ಲಾಟೀನು ನೇತುಹಾಕಿದ್ದರು. ತಟ್ಟೆಯ ಬದಲು ಕಪ್ಪು ಕಲ್ಲಿನ ಹಲಗೆ. ಸಾಸ್ ಹರಿದು ಟೇಬಲ್ ಮೇಲೆ ಬರುತ್ತಿತ್ತು. ಅಣಬೆ ರಿಸೋಟೊ ಇಪ್ಪತ್ತೊಂದು ಪೌಂಡ್. ಅಣಬೆ ಎಲ್ಲಿ ಅಂತ ಭಾವ ಫೋರ್ಕಿನಲ್ಲಿ ಕೆದಕಿ ಹುಡುಕಿದರು. "ಇದು ನಿನ್ನೆ ಮೊನ್ನೆಯ ಅನ್ನ ಕಣಯ್ಯಾ, ಚೀಸ್ ಹಾಕಿ ಕಲಸಿದ್ದಾರೆ" ಅಂತ ಕನ್ನಡದಲ್ಲೇ ತೀರ್ಪು ಕೊಟ್ಟರು.

ನನಗೆ ಕೋಪ ಬಂದದ್ದು ಬೇರೆ ಕಾರಣಕ್ಕೆ. ನಾರ್ಫೋಕ್ ಅಂದರೆ ಕ್ರೋಮರ್ ಏಡಿ, ಬ್ರಾಂಕಾಸ್ಟರ್ ಮಸಲ್ಸ್ ಎಂಬ ಚಿಪ್ಪುಮೀನು. ಇಡೀ ಇಂಗ್ಲೆಂಡಿಗೆ ಹೆಸರಾದವು. ನಾನೂ ನನ್ನ ಹೆಂಡತಿಯೂ ಮೀನು ತಿನ್ನುವವರು, ಅದಕ್ಕೇ ಆಸೆಯಿಂದ ಬಂದಿದ್ದೆವು. ಏಡಿ ಇದೆಯಾ ಅಂದರೆ ಇಲ್ಲ. ಮಸಲ್ಸ್? ಇಲ್ಲ. ಸ್ಕ್ಯಾಂಪಿ ಇದೆ. ಬ್ರೆಡ್ ಪುಡಿ ಹಚ್ಚಿ ಹೆಪ್ಪುಗಟ್ಟಿಸಿದ ಸೀಗಡಿ ಜಾತಿಯದು, ದೇಶದ ಯಾವ ಮೂಲೆಯ ಪಬ್‌ನಲ್ಲೂ ಸಿಗುವಂಥದ್ದು. ಹತ್ತಿರದಲ್ಲೇ ಕಡಲು. ತಟ್ಟೆಗೆ, ಕ್ಷಮಿಸಿ ಕಲ್ಲಿಗೆ, ಬರುವುದು ಲಾರಿಯಲ್ಲಿ ಬಂದ ಪೆಟ್ಟಿಗೆಯಿಂದ.

ಬಿಯರ್ ಕೂಡ ಹುಳಿ. ಇದಕ್ಕೂ ಕಾರಣ ಇದೆ. ಕೈಪಂಪಿನಲ್ಲಿ ಎಳೆದು ಕೊಡುವ ಕ್ಯಾಸ್ಕ್ ಬಿಯರ್ ಪೀಪಾಯಿಯಲ್ಲಿ ಇನ್ನೂ ಜೀವಂತ ಇರುತ್ತದೆ. ಒಮ್ಮೆ ತೆರೆದರೆ ಒಳಗೆ ಗಾಳಿ ಹೋಗುತ್ತದೆ. ಮೂರು ದಿನದ ಹೊತ್ತಿಗೆ ಮುಗಿಸಬೇಕು, ಇಲ್ಲದಿದ್ದರೆ ವಿನೆಗರ್ ದಾರಿ ಹಿಡಿಯುತ್ತದೆ. ಶನಿವಾರ ಜನ ಇರುತ್ತಾರೆ, ಪೀಪಾಯಿ ಬೇಗ ಖಾಲಿ. ಮಂಗಳವಾರ ಯಾರೂ ಇಲ್ಲ. ಒಂದೆರಡು ಬಿಯರ್ ಇಟ್ಟುಕೊಂಡರೆ ಸಾಕು, ಆದರೆ ಇವರು ಐದು ಕೈಪಂಪು ಸಾಲಾಗಿ ನಿಲ್ಲಿಸಿದ್ದರು, ನೋಡಲು ಚೆನ್ನಾಗಿರಲಿ ಅಂತ. ಹುಳಿಯಾಗಿದೆ ಅಂದರೆ ಬದಲಿಸಿ ಕೊಡುವುದು ಇಲ್ಲಿನ ಪದ್ಧತಿ. ಮ್ಯಾನೇಜರ್ ಹುಡುಗ ನನ್ನ ಮುಖ ನೋಡಿ, ಇದರ ರುಚಿಯೇ ಹಾಗೆ ಅಂದ. ಪಕ್ಕದಲ್ಲಿ ಕೂತಿದ್ದ ಒಬ್ಬ ಅಜ್ಜ ನನ್ನ ಗ್ಲಾಸ್ ಮೂಸಿ ನೋಡಿ ಅವನಿಗೆ ಏನೋ ಹೇಳಿದರು. ಆಮೇಲೆ ಬದಲಿಸಿದ.

ಬುಧವಾರ

ರೀಡಮ್ ಹತ್ತಿರ ಸರಪಳಿ ಹಿಡಿದು ದಾಟುವ ಫೆರ್ರಿ ಇದೆ. ಒಂದು ಸಲಕ್ಕೆ ಎರಡು ಮೂರು ಕಾರು. ನಾರ್ವಿಚ್‌ಗೂ ಯಾರ್ಮೌತ್‌ಗೂ ನಡುವೆ ಕಾರು ಯಾರ್ ನದಿ ದಾಟಲು ಇದೊಂದೇ ದಾರಿ. ಫೆರ್ರಿ ನಿಂತ ಮೇಲೆಯೇ ನಾವು ಹೋಗಬೇಕು. ಸರಪಳಿ ನೀರಿನಲ್ಲಿ ಮುಳುಗಲು ಬಿಡಬೇಕಲ್ಲ. ಅದನ್ನು ದಾಟಿ ಚೆಟ್ ಅನ್ನುವ ಸಣ್ಣ ನದಿಗೆ ತಿರುಗಿಕೊಂಡೆವು. ಎದುರಿಗೆ ದೋಣಿ ಬಂದರೆ ಜೊಂಡಿಗೆ ಒರಗಬೇಕು, ಅಷ್ಟು ಕಿರಿದು, ಅಷ್ಟು ತಿರುವು. ಲಾಡನ್ ಎಂಬ ಊರಿನಲ್ಲಿ ಅದು ಮುಗಿಯುತ್ತದೆ. ಊರು ಚೆನ್ನಾಗಿದೆ. ತರಕಾರಿ, ಹಾಲು, ಬ್ರೆಡ್ಡು ತಗೊಂಡೆವು.

ಬೇಕರಿಯಲ್ಲಿ ಸಾಲಿನಲ್ಲಿ ನಿಂತಿದ್ದ ಹೆಂಗಸೊಬ್ಬರನ್ನು ನನ್ನ ಹೆಂಡತಿ ಕೇಳಿದಳು. ನೀವು ಊಟಕ್ಕೆ ಎಲ್ಲಿಗೆ ಹೋಗ್ತೀರಿ? ದೋಣಿಯವರು ಎಲ್ಲಿಗೆ ಹೋಗ್ತಾರೆ ಅಂತ ಅಲ್ಲ, ನೀವು. ಅವರು ಹೇಳಿದ ಪಬ್ ನೀರಿನ ಹತ್ತಿರ ಇರಲೇ ಇಲ್ಲ. ಹೊಲದ ಬದಿಯ ಹಾದಿಯಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷದ ನಡಿಗೆ. ಟಾರ್ಚ್ ಹಿಡಿದು ಹೋದೆವು.

ಹೊರಗಿಂದ ನೋಡಿದರೆ ಪಬ್ ಅನ್ನಿಸುವುದೇ ಇಲ್ಲ. ನಾಲ್ಕೈದು ಟೇಬಲ್, ಒಂದು ನಾಯಿ, ಡಾರ್ಟ್ಸ್ ಆಡುವ ಮೂವರು. ಮೆನು ಗೋಡೆಯ ಕಪ್ಪು ಹಲಗೆಯಲ್ಲಿ ಸೀಮೆಸುಣ್ಣದಲ್ಲಿ ಬರೆದದ್ದು, ಒಟ್ಟು ಆರೇಳು ಐಟಮ್. ಒಂದನ್ನು ಆಗಲೇ ಅಳಿಸಿದ್ದರು. ಮಸಲ್ಸ್ ಇತ್ತು! ನಮ್ಮಿಬ್ಬರಿಗೆ ಅದು. ಅಕ್ಕ, ಭಾವನಿಗೆ ಲೀಕ್, ಆಲೂಗಡ್ಡೆ ಸೂಪು, ಆಮೇಲೆ ಚೀಸ್, ಈರುಳ್ಳಿ ತುಂಬಿದ ಪೈ. ಸೂಪಿಗೆ ಕೋಳಿ ಸ್ಟಾಕ್ ಹಾಕಿದ್ದೀರಾ ಅಂತ ಭಾವ ಕೇಳಿದ ಕೂಡಲೇ ಅಡುಗೆ ಮಾಡುವಾಕೆಯೇ ಹೊರಗೆ ಬಂದು, ಇಲ್ಲ, ತರಕಾರಿ ಬೇಯಿಸಿದ ನೀರು, ಪಾತ್ರೆ ತೋರಿಸಲಾ ಅಂದರು. ತೋರಿಸೋದೇನೂ ಬೇಡಮ್ಮ ಅಂತ ಭಾವ ಕನ್ನಡದಲ್ಲೇ ಅಂದರು, ಆಕೆಗೆ ಹೇಗೋ ಅರ್ಥವಾಯಿತು. ಪೈ ಹಿಟ್ಟು ಬಾಯಲ್ಲಿ ಪುಡಿಪುಡಿ. ಬೆಲೆ ಹಿಂದಿನ ರಾತ್ರಿಗಿಂತ ಕಡಿಮೆ. ಭಾವ ಎರಡನೇ ಸಲ ಸೂಪು ಹಾಕಿಸಿಕೊಂಡರು.

ಜನ ಕಡಿಮೆಯಾದ ಮೇಲೆ ಆಕೆಯ ಗಂಡ ಬಂದು ಕೂತರು. ಮೊದಲು ಅವರು ನದಿ ದಂಡೆಯಲ್ಲೇ ಒಂದು ಪಬ್ ನಡೆಸುತ್ತಿದ್ದರಂತೆ. ಯಾಕೆ ಬಿಟ್ಟಿರಿ ಅಂದೆ. ಅವರು ಹೇಳಿದ ಲೆಕ್ಕ ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ದೋಣಿ ಸೀಸನ್ ಈಸ್ಟರ್‌ನಿಂದ ಅಕ್ಟೋಬರ್ ತನಕ. ಉಳಿದ ತಿಂಗಳು ನದಿ ಖಾಲಿ. ಬಾಡಿಗೆ ಮಾತ್ರ ಹನ್ನೆರಡು ತಿಂಗಳೂ ಕಟ್ಟಬೇಕು. ಕಟ್ಟಡ ಯಾವುದೋ ದೊಡ್ಡ ಪಬ್ ಕಂಪನಿಯದು. ಕರಾರಿನ ಪ್ರಕಾರ ಬಿಯರ್ ಅವರಿಂದಲೇ ಕೊಳ್ಳಬೇಕು, ಹೊರಗಿನ ಬೆಲೆಗಿಂತ ಜಾಸ್ತಿ ಕೊಟ್ಟು. ಇದಕ್ಕೆ ಬಿಯರ್ ಟೈ ಅನ್ನುತ್ತಾರೆ. ಇಂಥ ಬಾಡಿಗೆದಾರರ ರಕ್ಷಣೆಗೆ 2016ರಲ್ಲಿ ಪಬ್ಸ್ ಕೋಡ್ ಅಂತ ನಿಯಮ ಬಂತು, ಆದರೆ ಅದು ಅನ್ವಯಿಸುವುದು 500 ಅಥವಾ ಅದಕ್ಕಿಂತ ಹೆಚ್ಚು ಟೈ ಪಬ್ ಇರುವ ಕಂಪನಿಗಳಿಗೆ. ಇನ್ನು ಶೆಫ್. ಆರು ತಿಂಗಳಿಗೆ ಮಾತ್ರ ಬಾ ಅಂದರೆ ಒಳ್ಳೆಯ ಅಡುಗೆಯವರು ಯಾರು ಬರುತ್ತಾರೆ? ಕಾಲೇಜು ಹುಡುಗರನ್ನು ಇಟ್ಟುಕೊಳ್ಳಬೇಕು. ಅವರ ಕೈಯಲ್ಲಿ ಕೆಡದಂಥ ಅಡುಗೆ ಅಂದರೆ ಪೆಟ್ಟಿಗೆಯಲ್ಲಿ ಬಂದದ್ದು, ಬಿಸಿ ಮಾಡಿ ಕೊಡುವಂಥದ್ದು. ಅದರ ಮೇಲೆ 14 ಅಲರ್ಜಿ ಪದಾರ್ಥಗಳಲ್ಲಿ ಯಾವುದು ಯಾವ ಅಡುಗೆಯಲ್ಲಿದೆ ಅಂತ ಕಾನೂನು ಪ್ರಕಾರ ಹೇಳಲೇಬೇಕು. ಪೆಟ್ಟಿಗೆಯ ಮೇಲೆ ಅದು ಅಚ್ಚಾಗಿಯೇ ಬಂದಿರುತ್ತದೆ. ಕೈಯಾರೆ ಮಾಡಿದರೆ ದಿನಾ ಬರೆದಿಡಬೇಕು.

ಅದು ಸರಿ, ಆದರೆ ನೀವು ಇಲ್ಲಿ ಹೇಗೆ ಮಾಡುತ್ತೀರಿ ಅಂದೆ. ಡಾರ್ಟ್ಸ್ ಆಡುವವರ ಕಡೆ ತಲೆ ಆಡಿಸಿ, ಇವರು ಗುರುವಾರವೂ ಬರುತ್ತಾರೆ, ಫೆಬ್ರವರಿಯಲ್ಲೂ ಬರುತ್ತಾರೆ, ಪೈ ಕೆಟ್ಟರೆ ಮುಖದ ಮೇಲೆ ಹೇಳುತ್ತಾರೆ ಅಂದರು. ದೋಣಿಯವರು ಹೇಳಲ್ವಾ? ಹೇಳುತ್ತಾರೆ, ಆದರೆ ಬೆಳಗ್ಗೆ ಹಗ್ಗ ಬಿಚ್ಚಿಕೊಂಡು ಹೊರಟುಬಿಟ್ಟಿರುತ್ತಾರೆ ಅಂದರು.

ಗುರುವಾರ

ಬೆಳಗ್ಗೆ ಬೇಗ ಹೊರಟು ಇಳಿತದ ಜೊತೆ ಕೆಳಗೆ ಬಂದೆವು. ಬ್ರೈಡನ್ ಈ ಸಲ ಶಾಂತವಾಗಿತ್ತು. ಯಾರ್ಮೌತ್ ಯಾಟ್ ಸ್ಟೇಷನ್‌ನಲ್ಲಿ ರೇಂಜರ್ ಹಗ್ಗ ಹಿಡಿದು ಕಟ್ಟಿಸಿದರು. ಇಡೀ ವಾರದಲ್ಲಿ ನಮ್ಮ ಹಗ್ಗ ಹಿಡಿದವರು ಅವರೊಬ್ಬರೇ. ನಡೆದು ಹೋಗಿ ಮಾರ್ಕೆಟ್ಟಿನಲ್ಲಿ ಚಿಪ್ಸ್ ತಿಂದೆವು. ಯಾರ್ಮೌತ್ ಮಾರ್ಕೆಟ್ಟಿನ ಚಿಪ್ಸ್ ಅಂಗಡಿಗಳಿಗೆ ಹೆಸರಿದೆ. ಎಣ್ಣೆ ಯಾವುದು ಅಂತ ಭಾವ ಕೇಳಿದರೆ, ಅಂಗಡಿಯವಳು ಡಬ್ಬ ಎತ್ತಿ ತೋರಿಸಿದಳು. ನಿಂತುಕೊಂಡೇ, ವಿನೆಗರ್ ಸುರಿದುಕೊಂಡು, ಬೆರಳು ಸುಟ್ಟುಕೊಂಡು ತಿಂದದ್ದು. ಭಾವನ ಪ್ರಕಾರ ಮಸಲ್ಸ್ ಬಿಟ್ಟರೆ ನಾವು ಹೊಗಳಬಹುದಾದದ್ದು ಇದೇ. ಅವರು ಮಸಲ್ಸ್ ತಿಂದಿರಲಿಲ್ಲ, ನಮ್ಮ ಮುಖ ನೋಡಿ ಹೇಳಿದ್ದು.

ಭರತದ ಜೊತೆ ಬ್ಯೂರ್‌ನಲ್ಲಿ ಮೇಲಕ್ಕೆ. ರಾತ್ರಿಯ ಪಬ್ ಮುಂದೆ ಬೋರ್ಡು: ಇವತ್ತು ಕರಿ ನೈಟ್, ಒಂದು ಕರಿ, ಒಂದು ಪಿಂಟ್, ಹದಿನೈದು ಪೌಂಡ್. ಬೇಡ ಅಂದೆ. ಭಾವನಿಗೆ ಕುತೂಹಲ. "ನೋಡೇ ಬಿಡೋಣ ಕಣಯ್ಯಾ, ನಮ್ಮ ಅಡುಗೆ ಇವರ ಕೈಯಲ್ಲಿ ಏನಾಗಿದೆ ಅಂತ."

ಹಳದಿ ಬಣ್ಣದ ಸಿಹಿ ಸಾರು ಬಂತು, ಒಳಗೆ ಒಣದ್ರಾಕ್ಷಿ, ಬೇಯದ ಗಜ್ಜರಿ. ತಟ್ಟೆಯ ಒಂದು ಅರ್ಧ ಅನ್ನ, ಇನ್ನೊಂದು ಅರ್ಧ ಚಿಪ್ಸ್. ಅನ್ನಕ್ಕೂ ಚಿಪ್ಸ್‌ಗೂ ಅದೇ ಸಾರು. ಮೇಲೊಂದು ಹಪ್ಪಳ, ಪಕ್ಕದಲ್ಲಿ ಮಾವಿನಕಾಯಿ ಜಾಮು, ಅದಕ್ಕೆ ಚಟ್ನಿ ಅಂತ ಹೆಸರು. ಬಡಿಸಿದ ಹುಡುಗ ಬಹಳ ಉತ್ಸಾಹದಿಂದ, ನಿಮ್ಮಲ್ಲೂ ಹೀಗೇ ಮಾಡ್ತಾರಾ ಅಂದ. ಭಾವ ಸ್ವಲ್ಪ ಯೋಚಿಸಿ, ಹಪ್ಪಳ ಹೀಗೇ ಮಾಡ್ತೀವಿ ಅಂದರು. ಅವರು ಕುಡಿಯುವುದಿಲ್ಲ, ಅವರ ಪಿಂಟ್ ನನಗೆ ಬಂತು. ಆ ಲೆಕ್ಕದಲ್ಲಿ ನನಗೆ ನಷ್ಟವಿಲ್ಲ.

ಶುಕ್ರವಾರ

ಥರ್ನ್ ನದಿಗೆ ತಿರುಗಿ ಪಾಟರ್ ಹೈಗಮ್‌ವರೆಗೆ ಹೋಗಿ ಬಂದೆವು. ಅಲ್ಲಿನ ಮಧ್ಯಯುಗದ ಕಲ್ಲಿನ ಸೇತುವೆಯ ಕಮಾನು ತೀರಾ ತಗ್ಗು, ಸುಮಾರು ಎರಡು ಮೀಟರ್ ಎತ್ತರ. ಬಾಡಿಗೆ ದೋಣಿಗಳನ್ನು ಅಲ್ಲಿನ ಪೈಲಟ್ಟೇ ದಾಟಿಸಬೇಕು. ನಮ್ಮ ದೋಣಿ ಎತ್ತರದ್ದು, ಪ್ರಶ್ನೆಯೇ ಇಲ್ಲ. ಚಹಾ ಕುಡಿದು ತಿರುಗಿಸಿದೆವು.

ರಾತ್ರಿಗೆ ಯಾವ ಪಬ್ಬೂ ಕಾಣದ ಒಂದು ಜಾಗ ಹುಡುಕಿ ಕಟ್ಟಿದೆವು. ಉಳಿದ ತರಕಾರಿ ಎಲ್ಲ ಹಾಕಿ ಅಕ್ಕ ಹುಳಿ ಮಾಡಿದಳು. ಕಿಟಕಿ ತೆಗೆದಿತ್ತು, ಅಲಾರಂ ಸುಮ್ಮನಿತ್ತು.

ಶನಿವಾರ

ಒಂಬತ್ತಕ್ಕೆ ದೋಣಿ ವಾಪಸ್ ಕೊಡಬೇಕು. ಡೀಸೆಲ್ ಲೆಕ್ಕ ಮಾಡಿ ಡೆಪಾಸಿಟ್‌ನಲ್ಲಿ ಉಳಿದದ್ದು ಕೊಟ್ಟರು. ಪಕ್ಕದ ಬೆಂಚಿನ ಮೇಲೆ ಒಂದು ಕುಟುಂಬ ತಮ್ಮ ದೋಣಿಗಾಗಿ ಕಾಯುತ್ತಾ ಕೂತಿತ್ತು. ಮಧ್ಯಾಹ್ನ ಸಿಗುವ ದೋಣಿಗೆ ಬೆಳಗ್ಗೆಯೇ ಬಂದಿದ್ದರು. ಅಪ್ಪ ಅದೇ ಬಣ್ಣದ ನಕ್ಷೆ ತೊಡೆಯ ಮೇಲೆ ಹರಡಿಕೊಂಡು ಪೆನ್ನಿನಲ್ಲಿ ಪಬ್‌ಗಳಿಗೆ ಗುರುತು ಹಾಕುತ್ತಿದ್ದ.

ಅಕ್ಕನಿಗೆ ತಡೆಯಲಾಗಲಿಲ್ಲ. ತನಗೆ ಬರುವ ಇಂಗ್ಲಿಷಿನಲ್ಲಿ ಎಲ್ಲ ಹೇಳಿದಳು. ಸೋಮವಾರ ಕ್ಲೋಸ್. ಭಾನುವಾರ ರಾತ್ರಿ ಊಟ ಇಲ್ಲ. ಮಧ್ಯಾಹ್ನವೇ ಫೋನ್ ಮಾಡಿ ಟೇಬಲ್ ಹೇಳಿ. ಮೂರಿಂಗ್ ದುಡ್ಡು ಬಿಲ್ಲಿನಲ್ಲಿ ಕಳೆದಿದ್ದಾರಾ ನೋಡಿಕೊಳ್ಳಿ. ಅವನು ಎಲ್ಲವನ್ನೂ ಬರೆದುಕೊಂಡ. ಹಾಗಾದರೆ ಚೆನ್ನಾಗಿರೋದು ಯಾವುದು ಅಂತ ಕೇಳಿದ. ಭಾವ ನಕ್ಷೆ ತಗೊಂಡು ಲಾಡನ್ ಹುಡುಕಿ, ಅಲ್ಲಿಂದ ಹೊಲದ ಹಾದಿಯನ್ನು ಬೆರಳಲ್ಲಿ ಎಳೆದು ತೋರಿಸಿದರು. ಇಪ್ಪತ್ತೈದು ನಿಮಿಷದ ನಡಿಗೆ, ಟಾರ್ಚ್ ಬೇಕು, ಸೂಪು ಬಹಳ ಚೆನ್ನಾಗಿದೆ.

ಅವನು ಮಕ್ಕಳ ಕಡೆ ನೋಡಿದ. ಒಂದಕ್ಕೆ ನಾಲ್ಕು ವರ್ಷ ಇರಬೇಕು, ಇನ್ನೊಂದು ತಳ್ಳುಗಾಡಿಯಲ್ಲಿ. ಮಳೆ ಹನಿಯತೊಡಗಿತ್ತು. ಥ್ಯಾಂಕ್ಯೂ ಅಂತ ನಕ್ಕು, ನಕ್ಷೆ ಮಡಚುವ ಮೊದಲು ನಾವು ಮೊದಲ ರಾತ್ರಿ ಲಸಾನ್ಯ ತಿಂದ ಪಬ್‌ಗೆ ದೊಡ್ಡದಾಗಿ ಒಂದು ಸುತ್ತು ಹಾಕಿಕೊಂಡ.